ಮೊಣಕೈಗೆ ನೀಲಿ ಪಟ್ಟಿ

ವೇಲಚೇರಿ, ಚೆನ್ನೈ
ಸೋಮವಾರ, 13 ಜುಲೈ 2009

ಪ್ರೀತಿಯ ಅಪ್ಪಾ,

ನಿನ್ನ ಮಗಳು ವಿನೋದಾ ಮಾಡುವ ನಮಸ್ಕಾರ. ಹುಚ್ಚಮ್ಮಜ್ಜಿಯ ಸೊಂಟ ಈಗ ಹೇಗಿದೆ? ಗಂಜಿ ಬಿಟ್ಟು ಬೇರೆ ಏನಾದರೂ ತಿನ್ನುತ್ತಾಳಾ? ಮಗ್ಗುಲು ಬದಲಿಸುವಾಗ ನೀನೊಬ್ಬನೇ ಎತ್ತಬೇಡ, ಚಿಕ್ಕಪ್ಪನನ್ನೂ ಕರೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದಾಗ ಇಲ್ಲಿ ಎಲ್ಲ ಚೆನ್ನಾಗಿದೆ ಅಂದೆ. ಅದು ಪೂರ್ತಿ ನಿಜವಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ಐದನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದಕ್ಕಾದರೂ ಆಗಲಿ ಎಂದು ಬರೆಯುತ್ತಿದ್ದೇನೆ. ಓದಿದ ತಕ್ಷಣ ಬಸ್ಸು ಹತ್ತಬೇಡ. ಅಜ್ಜಿಯ ಹತ್ತಿರ ನೀನು ಇರಲೇಬೇಕು.

ನೀನು ಊರಿಗೆ ಹೋದ ಎರಡನೇ ವಾರದಿಂದ ನನ್ನ ಬಲ ಮೊಣಕೈ ನೋಯುತ್ತಿದೆ. ಹೊರಗಡೆಯ ಮೂಳೆಯ ಹತ್ತಿರ ಶುರುವಾಗಿ ಮಣಿಕಟ್ಟಿನವರೆಗೆ ಎಳೆಯುತ್ತದೆ. ನಲ್ಲಿ ತಿರುಗಿಸಲು ಆಗುವುದಿಲ್ಲ, ಚೊಂಬು ಹಿಡಿದರೆ ಜಾರುತ್ತದೆ. ಬೆವರಿಗೆಂದು ನೀನು ಮೊಣಕೈಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿಯನ್ನು ಬಿಗಿದುಕೊಂಡು ನೋಡಿದೆ, ಸ್ವಲ್ಪ ಹಿತವಾಯಿತು, ಅಷ್ಟೇ. ತಾತನ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆ ಕೆಂಡ ತುಂಬಿದ ಮೇಲೆ ಎಷ್ಟು ಭಾರ ಎಂದು ನಿನಗೆ ಹೇಳಬೇಕಾಗಿಲ್ಲ. ಗುರುವಾರ ಅದು ಕೈಜಾರಿ ನೆಲಕ್ಕೆ ಬಿತ್ತು. ಕೆಂಡವೆಲ್ಲ ಬಟ್ಟೆಗಂಟಿನ ಪಕ್ಕ ಚೆಲ್ಲಿತು. ಚಪ್ಪಲಿ ಕಾಲಿನಲ್ಲೇ ತಳ್ಳಿದೆ, ಒಂದು ಬಟ್ಟೆಯೂ ಸುಡಲಿಲ್ಲ. ಆದರೆ ಫ್ಲ್ಯಾಟಿನ ಸೆಕ್ರೆಟರಿ ಶಂಕರನಾರಾಯಣ ಸಾರ್ ವಾಕಿಂಗ್ ಮುಗಿಸಿ ಬರುತ್ತಿದ್ದವರು ನೋಡಿಬಿಟ್ಟರು. ‘ಏನಮ್ಮಾ, ಪಕ್ಕದಲ್ಲೇ ಇಷ್ಟು ಬೈಕ್ ನಿಂತಿದೆ. ನಿನ್ ಕೈಲಿ ಆಗಲ್ಲ ಅಂದ್ರೆ ಹೇಳು. ಭಾನುವಾರ ಸಾಯಂಕಾಲ ಮೀಟಿಂಗ್ ಇದೆ, ಬೇರೆ ಆಳು ನೋಡ್ತೀವಿ’ ಅಂದರು. ನಾನು ತಲೆ ತಗ್ಗಿಸಿ ಕೆಂಡ ಗುಡಿಸಿದೆ. ಒಂಬತ್ತು ವರ್ಷದಿಂದ ನಮ್ಮ ಇಸ್ತ್ರಿ ಗಾಡಿ ನಿಂತಿರುವ ಜಾಗ ನನ್ನ ಕೈಯಿಂದಲೇ ಹೋಗುತ್ತದಲ್ಲ ಎಂದು ಆ ದಿನ ಅನ್ನ ಸೇರಲಿಲ್ಲ.

ಎರಡನೇ ಮಹಡಿಯ ನಾಗಮಣಿ ಅಮ್ಮನ ಮಗಳು ನೇಹಾ ಗೊತ್ತಲ್ಲ, ಬ್ಯಾಡ್ಮಿಂಟನ್ ಆಡುವ ಹುಡುಗಿ. ಬಟ್ಟೆ ಕೊಡಲು ಬಂದವಳು ನಾನು ಎಡಗೈಯಲ್ಲಿ ಪೆಟ್ಟಿಗೆ ಎತ್ತುವುದನ್ನು ಕಂಡು ಮೊಣಕೈ ಒತ್ತಿ ನೋಡಿದಳು. ‘ವಿನೋದಾಕ್ಕಾ, ಇದು ಟೆನ್ನಿಸ್ ಎಲ್ಬೋ’ ಅಂದಳು. ಆ ಆಟ ನನಗೆ ಗೊತ್ತೇ ಇಲ್ಲಮ್ಮ ಅಂದರೆ, ‘ಆಡ್ಲೇ ಬೇಡಕ್ಕಾ, ಸುಮ್ನೇನೂ ಈ ನೋವು ಬರುತ್ತೆ’ ಎಂದು ನಕ್ಕಳು. ತನ್ನ ಭುಜಕ್ಕೆ ಅಂಟಿಸಿಕೊಳ್ಳುವ ನೀಲಿ ಟೇಪಿನ ಸುರುಳಿ ತಂದುಕೊಟ್ಟಳು. ರಬ್ಬರಿನಂತೆ ಎಳೆಯುವ ಬಟ್ಟೆ ಅದು, ಹಿಂದೆ ಅಂಟು. ಚರ್ಮದ ಮೇಲೆ ಎಣ್ಣೆ ಇರಬಾರದು, ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ನಡುವೆ ಸ್ವಲ್ಪ ಎಳೆಯಬೇಕು, ತುದಿಗಳನ್ನು ಎಳೆಯಬಾರದು. ‘ಆಮೇಲೆ ಚೆನ್ನಾಗಿ ಬಿಸಿ ಮಾಡಿ, ಬಿಸಿಗೇ ಅಂಟು ಹಿಡಿಯೋದು’ ಎಂದು ಹೇಳಿ ಟ್ಯೂಷನ್ನಿಗೆ ಓಡಿದಳು.

ಅಪ್ಪಾ, ಬೈಯಬೇಡ. ಬಿಸಿ ಅಂದರೆ ನಮಗೆ ಬೇರೆ ಏನು ಹೊಳೆಯುತ್ತದೆ? ಕಾಲರಿನೊಳಗಿನ ಅಂಟುಬಟ್ಟೆಯನ್ನು ನಾವು ಹೇಗೆ ಕೂರಿಸುತ್ತೇವೋ ಹಾಗೇ ಮಾಡಿದೆ. ತೋಳಿನ ಮೇಲೆ ಒದ್ದೆ ಬಟ್ಟೆ ಹಾಸಿ, ಎಡಗೈಯಲ್ಲಿ ಪೆಟ್ಟಿಗೆ ಹಿಡಿದು ಮೆಲ್ಲಗೆ ತಾಗಿಸಿದೆ. ಎರಡು ಎಣಿಸುವುದರೊಳಗೆ ಹಬೆ ಚುರುಕ್ ಅಂತು. ಮಣಿಕಟ್ಟಿನ ಕಡೆಗೆ ರೂಪಾಯಿಯಗಲ ಬೊಬ್ಬೆ ಎದ್ದಿದೆ, ಇನ್ನೇನೂ ಆಗಿಲ್ಲ. ನೇಹಾ ಬಂದು ನೋಡಿ ಅಳುವಂತಾದಳು. ‘ಅಂಗೈಲಿ ಉಜ್ಜಿ ಬಿಸಿ ಮಾಡಿ ಅಂದೆ ಅಕ್ಕಾ. ಕೈನ ಷರ್ಟ್ ಅಂದ್ಕೊಂಡ್ರಾ?’ ಎಂದು ಬೈಯುತ್ತಲೇ ನಲ್ಲಿಯ ಕೆಳಗೆ ತುಂಬಾ ಹೊತ್ತು ಕೈ ಹಿಡಿಸಿದಳು. ಬೊಬ್ಬೆಯ ಮೇಲೆ ಟೇಪ್ ಹಾಕಬಾರದಂತೆ. ಮಾರನೆಯ ದಿನ ಬೊಬ್ಬೆಯ ಜಾಗ ಬಿಟ್ಟು ಮೊಣಕೈ ಕಡೆಗೆ ತಾನೇ ಅಂಟಿಸಿದಳು. ನೋವು ಹೋಗಲಿಲ್ಲ. ಯಾರೋ ಕೆಳಗಿನಿಂದ ಮೊಣಕೈ ಹಿಡಿದುಕೊಂಡ ಹಾಗಾಯಿತು. ‘ಟೇಪ್ ಹಾಕಿದ್ರೆ ಪೆಟ್ಟಿಗೆ ಹಗುರ ಆಗಲ್ಲ ಅಕ್ಕಾ, ಜ್ಞಾಪಕ ಇಟ್ಕೊಳ್ಳಿ’ ಅಂದಳು.

ನಿನ್ನೆ ಭಾನುವಾರ, ಸೋಮವಾರದ ಆಫೀಸು ಬಟ್ಟೆಗಳೆಲ್ಲ ಒಟ್ಟಿಗೆ ಬಂದವು. ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿ ದಾರಿ ತೋರಿಸಿ, ಪ್ರತಿ ಸಲ ಪೆಟ್ಟಿಗೆ ಇಳಿಸುವಾಗ ಇದೀಗ ಬೀಳುತ್ತದೆ ಎಂದು ಹೆದರುತ್ತಾ ಐದು ಗಂಟೆಗೆ ಮುಗಿಸಿದೆ. ಮೀಟಿಂಗಿಗೆ ಮೊದಲು ಸಾರ್ ತಮ್ಮ ಷರ್ಟಿಗೆ ಬಂದರು. ಕಾಲರ್ ತಿರುಗಿಸಿ ನೋಡಿದರು, ತೋಳಿನ ಮಡಿಕೆ ನೋಡಿದರು. ಆಮೇಲೆ ನನ್ನ ಕೈ ನೋಡಿ, ‘ಇದೇನಮ್ಮಾ ನೀಲಿ ಪಟ್ಟಿ, ಒಲಿಂಪಿಕ್ಸ್‌ಗೆ ಹೊರಟ್ಯಾ?’ ಅಂದರು. ಆಗ ನಾನು ಬಾಯಿ ಬಿಟ್ಟೆ. ಏನು ಕೇಳಿದೆ ಎಂದು ಇಲ್ಲಿ ಬರೆಯಲು ಧೈರ್ಯ ಬರುತ್ತಿಲ್ಲ. ಮೀಟಿಂಗಿನಲ್ಲಿ ನಮ್ಮನ್ನು ತೆಗೆಯಲಿಲ್ಲ, ಬರುವ ಭಾನುವಾರಕ್ಕೆ ಮುಂದೂಡಿದರು.

ಅಜ್ಜಿಯ ಪಾದ ಮುಟ್ಟಿ ನನ್ನ ಹೆಸರು ಹೇಳು. ಚಿಕ್ಕಪ್ಪನಿಗೂ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ವಿನೋದಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬರೆದೇಬಿಡುತ್ತೇನೆ. ವಾಚ್‌ಮನ್ ರೂಮಿನ ಪ್ಲಗ್ ಕೊಡಿ, ಕೆಂಡ ಬಿಟ್ಟುಬಿಡುತ್ತೇವೆ ಎಂದು ಕೇಳಿದೆ. ನಾಗಮಣಿ ಅಮ್ಮ ತಮ್ಮ ಹಳೆಯ ಕರೆಂಟ್ ಪೆಟ್ಟಿಗೆ ಕೊಡುತ್ತಾರಂತೆ. ‘ನಿಮ್ಮಪ್ಪಂಗೆ ಎರಡು ಸಲ ಹೇಳಿದ್ದೆ, ಒಪ್ಪಲಿಲ್ಲ. ಅವರ ಬಾಯಿಂದ ಹೂಂ ಅನ್ಸು’ ಅಂದರು ಸಾರ್. ‘ಕೆಂಡದ ಇಸ್ತ್ರಿ ಗೆರೇನೇ ಗೆರೆ ಕಣವ್ವ’ ಅನ್ನುತ್ತೀಯ, ಗೊತ್ತು. ಆದರೆ ನಿನ್ನ ಆ ಬಟ್ಟೆ ಪಟ್ಟಿಯನ್ನು ಇವತ್ತು ಒಗೆದೆ. ಮೂರು ಸಲ ಸೋಪು ಹಾಕಿದರೂ ನೋವಿನೆಣ್ಣೆಯ ವಾಸನೆ ಹೋಗಲಿಲ್ಲ. ಅದು ಬೆವರಿಗೆ ಕಟ್ಟಿದ್ದಲ್ಲ ಅಪ್ಪಾ. ಶನಿವಾರದೊಳಗೆ ಸಾರ್‌ಗೆ ಫೋನ್ ಮಾಡು. ಉಳಿದ ಟೇಪನ್ನು ನಿನ್ನ ಅಂಗಿಯ ತೋಳಿನ ಅಳತೆಗೆ ಕತ್ತರಿಸಿ, ಮೂಲೆ ದುಂಡು ಮಾಡಿ ಇಟ್ಟಿದ್ದೇನೆ.