ಸದ್ದಿನ ಮರೆಯಲ್ಲಿ

ಜೂನ್ 3, ಸೋಮವಾರ

ಸೋಫಾದ ಸಂದಿಯಲ್ಲಿ ಇವತ್ತಿನ ಫಸಲು: ಹೇರ್‌ಪಿನ್ನು, ಮುರಿದ ಹಸಿರು ಕ್ರೇಯಾನ್, ಭಾವನ ಪೆನ್ನಿನ ಮುಚ್ಚಳ, ಬಿಸ್ಕತ್ತಿನ ಪುಡಿ. ಪುಡಿ ವ್ಯಾಕ್ಯೂಮ್ ಮಷೀನಿನ ಒಳಗೆ ಹೋಗುವಾಗ ಸರಸರ ಸದ್ದು. ಒಂಥರಾ ಸಮಾಧಾನ. ಹೇರ್‌ಪಿನ್ನು ಮೂತಿಗೆ ಅಡ್ಡ ಸಿಕ್ಕಿ ಮಷೀನು ಕಿರುಚಿತು. ಆಫ್ ಮಾಡಿ ಕಿತ್ತು ತೆಗೆದೆ.

ಹಾಲಿನಲ್ಲಿ ಕೆಲಸ ಮಾಡುವ ಪ್ಲಗ್ಗು ಒಂದೇ, ಟಿವಿಯ ಹಿಂದಿನದು. ಅಲ್ಲಿಂದ ವೈರು ಪರದೆಯ ತನಕ ಬರುತ್ತದೆ, ಸೋಫಾದ ತನಕ ಬರುತ್ತದೆ, ಪಕ್ಕದ ಮನೆಗೂ ನಮಗೂ ಸೇರಿದ ಗೋಡೆಯ ತನಕ ಬರುತ್ತದೆ. ಬಾಲ್ಕನಿಯ ಹೊಸ್ತಿಲು ಇನ್ನು ಗೇಣುದ್ದ ಇದೆ ಎನ್ನುವಾಗ ಬಿಗಿಯುತ್ತದೆ. ಗೂಟಕ್ಕೆ ಕಟ್ಟಿದ ಹಸು. ಸಿಕ್ಕಷ್ಟು ಜಾಗದಲ್ಲೇ ಮೇಯಬೇಕು.

ಅಕ್ಕನ ಮಗಳು ಗುಬ್ಬಿಗೆ ಉಬ್ಬಸ. ಪೊರಕೆ ಬೇಡ, ಧೂಳು ಏಳುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಈ ಮಷೀನು ಬಂತು. ಕೆಲಸ ಸಿಗುವ ತನಕ ಇಲ್ಲೇ ಇರು ಎಂದು ಅಕ್ಕ ಕರೆದದ್ದರಿಂದ ನಾನು ಬಂದೆ. ಇಬ್ಬರೂ ಬಂದದ್ದು ಒಂದೇ ತಿಂಗಳು. ಸೊಂಡಿಲಿದೆ ಎಂದು ಗುಬ್ಬಿ ಅದಕ್ಕೆ ಆನೆಮರಿ ಎಂದು ಹೆಸರಿಟ್ಟಿದ್ದಾಳೆ. ನನಗೆ ಇಟ್ಟಿಲ್ಲ.

ಜೂನ್ 5, ಬುಧವಾರ. ಬೆಳಗ್ಗೆ 11

ಎಲ್ಲರೂ ಹೋಗಿ ಆಯಿತು. ಪರದೆಗೆ ಮೂತಿ ಹಿಡಿದೆ. ಬಟ್ಟೆಯನ್ನೇ ಕಚ್ಚಿಕೊಂಡಿತು. ‘ಬಿಡೇ!’ ಎಂದೆ. ಎಷ್ಟು ಸದ್ದೆಂದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಬೇರೆ ಯಾರಿಗೆ ಕೇಳಿಸೀತು?

ಇನ್ನೊಂದು ಮಾತು ಹೇಳಿ ನೋಡಿದೆ. ‘ಅಕ್ಕಾ, ನಾನು ಮನೇಲಿ ಸುಮ್ನೆ ಕೂತಿಲ್ಲ.’ ಮತ್ತೊಂದು. ‘ಊಟಕ್ಕೆ ಕೂತಾಗ ನನ್ನನ್ನೂ ಏನಾದ್ರೂ ಕೇಳಿ.’

ಪರದೆ ಅಲ್ಲಾಡಿತು. ಅಷ್ಟೇ. ಎದೆ ಮಾತ್ರ ಹಗುರ... ಮಷೀನಿನ ಧೂಳಿನ ಡಬ್ಬಿಯನ್ನು ಕಸದ ಬುಟ್ಟಿಗೆ ತಟ್ಟಿ ಖಾಲಿ ಮಾಡಿದ ಹಾಗೆ.

ಜೂನ್ 8, ಶನಿವಾರ

ಶಾಲೆಯೊಂದರಿಂದ ಫೋನ್. ಭಾಷೆಯ ಟೀಚರ್ ಬೇಕಂತೆ. ಇಪ್ಪತ್ತೈದಕ್ಕೆ ಡೆಮೊ ಕ್ಲಾಸು.

ಹೋದ ಸಲ ಬೇರೊಂದು ಶಾಲೆಯಲ್ಲಿ ಕೊಟ್ಟ ಡೆಮೊ ಮರೆತಿಲ್ಲ. ಆ ಶಾಲೆಯ ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕೂತು ‘ಸ್ವಲ್ಪ ಜೋರಾಗಿ’ ಎನ್ನುತ್ತಲೇ ಇದ್ದರು. ಆಮೇಲೆ ಅನ್ನುವುದನ್ನೇ ಬಿಟ್ಟರು. ಅದು ಇನ್ನೂ ಕಷ್ಟ. ಕೊನೆಗೆ, ‘ಪಾಠ ಚೆನ್ನಾಗಿತ್ತಮ್ಮ, ಮೊದಲನೇ ಬೆಂಚಿಗೆ.’

ಅಕ್ಕ ಚಪ್ಪಲಿ ಬಿಚ್ಚುತ್ತಲೇ ಅಂದಳು: ‘ಹೋಗಿ ಬಾ. ಇದೂ ಆಗ್ಲಿಲ್ಲ ಅಂದ್ರೆ ನಮ್ಮ ಆಫೀಸಲ್ಲಿ ಡೇಟಾ ಎಂಟ್ರಿಗೆ ಹೇಳಿಟ್ಟಿದ್ದೀನಿ. ಅಲ್ಲಿ ಬಾಯಿಗೆ ಕೆಲಸಾನೇ ಇಲ್ಲ.’

ಒಳ್ಳೆಯದಕ್ಕೇ ಹೇಳಿದ್ದು. ಗೊತ್ತು.

ಜೂನ್ 12, ಬುಧವಾರ

ಪಾಠ ಆರಿಸಿದ್ದೇನೆ. ಅಂಬಿಗನ ಮಗಳ ಕಥೆ. ಅಪ್ಪನಿಗೆ ಜ್ವರ. ಮೊದಲ ಸಲ ಅವಳೊಬ್ಬಳೇ ದೋಣಿ ನಡೆಸುತ್ತಾಳೆ. ನಡುನೀರಿನಲ್ಲಿ ಕೈ ಜಾರಿ ಹುಟ್ಟು ತೇಲಿಹೋಗುತ್ತದೆ. ಇನ್ನು ಉಳಿದದ್ದು ಬಾಯಿ ಒಂದೇ. ದಡಕ್ಕೆ ಕೇಳುವ ಹಾಗೆ ಕೂಗಬೇಕು.

ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಆನೆಮರಿ. ಪಕ್ಕದ ಮನೆಯ ಗೋಡೆಗೆ ಒರಗಿಸಿದ ಕಪಾಟಿನ ಒಂದೊಂದು ಹಲಗೆಯೂ ಒಂದೊಂದು ಬೆಂಚು. ಸದ್ದಿನ ಮರೆಯಲ್ಲಿ ಎಷ್ಟು ಚೆನ್ನಾಗಿ ಹೇಳುತ್ತೇನೆ! ಕೈ ಬೀಸುತ್ತೇನೆ, ಪ್ರಶ್ನೆ ಕೇಳುತ್ತೇನೆ, ಮಾತಾಡುವ ಹುಡುಗರನ್ನು ಗದರುತ್ತೇನೆ ಕೂಡ. ಆದರೆ ಹುಟ್ಟು ಕೈಜಾರುವ ಹೊತ್ತಿಗೆ ಸರಿಯಾಗಿ ಮಷೀನು ಕಾದು ತಾನೇ ನಿಂತುಬಿಡುತ್ತದೆ. ಜೊತೆಗೆ ನಾನೂ. ಆ ನಿಶ್ಶಬ್ದದಲ್ಲಿ ಕೂಗುವುದೇ... ಫಿಲ್ಟರ್ ತೊಳೆದು ಬಾಲ್ಕನಿಯಲ್ಲಿ ಒಣಗಿಸಿದೆ. ಆದರೂ ಅಷ್ಟೇ.

ಜೂನ್ 14, ಶುಕ್ರವಾರ

ಭಾವ: ‘ನಮ್ಮನೇಲಿ ಬಾಯಿಬಿಡೋದು ಎರಡೇ. ಒಂದು ಮಿಕ್ಸಿ, ಇನ್ನೊಂದು ನಿನ್ನ ತಂಗಿಯ ಆನೆಮರಿ.’

ಅಕ್ಕ ನಕ್ಕಳು. ಗುಬ್ಬಿಯೂ. ನಾನೂ ನಕ್ಕೆ. ಸದ್ದಿಲ್ಲದೆ.

ಜೂನ್ 15, ಶನಿವಾರ

ನೆಲ ಬಿರಿದು ಬಾಯಿ ತೆರೆಯಬಾರದಿತ್ತೇ.

ಮಧ್ಯಾಹ್ನ ಬೆಲ್ಲು. ಪಕ್ಕದ ಮನೆಯ ನರ್ಸು. ನೈಟ್ ಡ್ಯೂಟಿಯವರು, ಮೆಟ್ಟಿಲ ಮೇಲೆ ಎದುರಾದರೆ ತಲೆಯಾಡಿಸುವಷ್ಟೇ ಪರಿಚಯ. ಕೆದರಿದ ಕೂದಲು, ಕೆಂಪು ಕಣ್ಣು.

‘ಏನಮ್ಮಾ, ದಿನಾ ಹನ್ನೊಂದಕ್ಕೆ ಶುರು ಮಾಡೋದು ನೀನೇನಾ?’

‘ಸಾರಿ... ಮಷೀನ್ ಬೇರೆ ಹೊತ್ತಲ್ಲಿ ಹಾಕ್ತೀನಿ.’

‘ಮಷೀನ್ ಹಾಳಾಗ್ಲಿ. ಅದರ ಗುಂಯ್ ಅನ್ನೋ ಸದ್ದಿಗೆ ಒಳ್ಳೇ ನಿದ್ದೆ ಬರುತ್ತೆ. ನಿದ್ದೆ ಕೆಡಿಸ್ತಿರೋದು ನಿನ್ನ ಆ ಹುಡುಗಿ. ದಿನಾ ದೋಣಿ ಹತ್ತಿಸ್ತೀಯ, ಹುಟ್ಟು ಬೀಳಿಸ್ತೀಯ, ಠಪ್ ಅಂತ ನಿಲ್ಲಿಸ್ತೀಯ. ನಡುನೀರಲ್ಲಿ ಕೈಬಿಟ್ಟು ಹೋದ್ರೆ ನಾನು ಹೇಗಮ್ಮಾ ಮಲಗ್ಲಿ?’

‘ಕೇಳಿಸುತ್ತಾ?’

‘ಸದ್ದು ಅಡ್ಡ ಇರೋದು ನಿನ್ನ ಕಿವಿಗೆ, ನನ್ನ ಕಿವಿಗಲ್ಲ. ಅದು ಕಿರುಚಿದಷ್ಟೂ ನೀನೂ ಕಿರುಚ್ತೀಯ. ಒಂದಕ್ಷರ ಬಿಡದೆ ಕೇಳಿಸುತ್ತೆ.’

‘ಅಕ್ಕನ ವಿಷಯ...?’

‘ಅದು ಗೋಡೆಗೆ ಕೇಳಿಸ್ತು. ನನಗಲ್ಲ,’ ಎಂದರು.

ಬಾಗಿಲು ಹಾಕಿ, ಅದಕ್ಕೇ ಒರಗಿ ನಿಂತೆ.

ಜೂನ್ 20, ಗುರುವಾರ

ಬರೆಯಲು ಏನೂ ಇಲ್ಲ. ದಿನವೂ ಧೂಳು ತೆಗೆಯುತ್ತೇನೆ. ತುಟಿ ಹೊಲಿದುಕೊಂಡು. ಆ ಗೋಡೆಯ ಹತ್ತಿರ ಮಷೀನನ್ನೇ ಒಯ್ಯುತ್ತಿಲ್ಲ. ಕಪಾಟಿನ ಮೇಲೆ ಬೆರಳು ಎಳೆದರೆ ಗೆರೆ ಮೂಡುತ್ತದೆ. ಪಾಠ ಮನಸ್ಸಿನಲ್ಲೇ ಓದುತ್ತೇನೆ. ಮನಸ್ಸಿನಲ್ಲಿ ಎಲ್ಲ ಬೆಂಚಿಗೂ ಕೇಳಿಸುತ್ತದೆ.

ಗುಬ್ಬಿಗೆ ಕಥೆ ಹೇಳಲು ಕೂತೆ. ನಡುವೆ ಕೇಳಿದಳು: ‘ಚಿಕ್ಕಿ, ಯಾರಾದ್ರೂ ಮಲಗಿದ್ದಾರಾ?’

‘ಇಲ್ವಲ್ಲ, ಯಾಕೆ?’

‘ಮತ್ತೆ ಯಾಕೆ ಪಿಸಪಿಸ ಅಂತೀಯ?’

ಜೂನ್ 22, ಶನಿವಾರ. ಸಂಜೆ

ಕಸ ಹಾಕಿ ಬರುವಾಗ ನರ್ಸು ಮೆಟ್ಟಿಲಿಳಿಯುತ್ತಿದ್ದರು, ಡ್ಯೂಟಿಗೆ. ತಪ್ಪಿಸಿಕೊಳ್ಳಲು ಜಾಗವಿಲ್ಲ, ಮೆಟ್ಟಿಲು ಅಷ್ಟು ಕಿರಿದು.

‘ಏನು, ಮುನಿಸಾ?’

ಇಲ್ಲವೆಂದು ತಲೆಯಾಡಿಸಿದೆ. ಮುನಿಸಲ್ಲ, ನಾಚಿಕೆ ಎನ್ನಬೇಕಿತ್ತು. ಬರಲಿಲ್ಲ. ಬಂದದ್ದು ಬೇರೆ. ಡೆಮೊ ಇದೆ, ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ, ಮಷೀನು ಆಫ್ ಆದರೆ ದನಿಯೂ ಆಫ್, ಈ ಸಲ ಆಗದಿದ್ದರೆ ಬಾಯಿ ಬೇಡದ ಕೆಲಸ... ಎಲ್ಲ ಒಂದೇ ಉಸಿರಿಗೆ, ಅವರ ಬ್ಯಾಗಿನ ಜಿಪ್ಪು ನೋಡುತ್ತಾ ಹೇಳಿದೆ.

‘ಅಷ್ಟೇನಾ? ನಾನೇ ನಿನ್ನ ಹಿಂದಿನ ಬೆಂಚು ಅಂದ್ಕೋ. ಹಾಸಿಗೆ ಅದೇ ಗೋಡೆಗೆ ಒತ್ತಿಕೊಂಡಿದೆ. ಸೋಮವಾರ ಆನೆಮರಿ ಇಲ್ಲದೆ ಹೇಳು. ಕೇಳಿಸಿದ್ರೆ ಎರಡು ಸಲ ತಟ್ತೀನಿ. ಕೇಳಿಸದಿದ್ರೆ ಒಂದು.’

‘ನಿಮ್ಮ ನಿದ್ದೆ?’

‘ಅವಳು ದಡ ಸೇರಿದ ಮೇಲೆ.’

ಆನೆಮರಿ ಎಂಬ ಹೆಸರು ಅವರಿಗೂ ಗೊತ್ತು. ಹಾಗಾದರೆ ನಾನು ಅದರ ಜೊತೆಗೂ ಮಾತಾಡುತ್ತೇನೆ.

ಜೂನ್ 24, ಸೋಮವಾರ. ಬೆಳಗ್ಗೆ 11

ಎಲ್ಲರೂ ಹೋದರು. ಅಕ್ಕ ಬಾಗಿಲಲ್ಲಿ ತಿರುಗಿ, ‘ನಾಳೆಗೆ ನನ್ನ ನೀಲಿ ಸೀರೆ ಉಟ್ಕೋ’ ಎಂದಳು. ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ಯಾವಾಗ ಮಾಡಿದಳೋ.

ಆನೆಮರಿಯ ವೈರು ಸುತ್ತಿ ಮೂಲೆಯಲ್ಲಿಟ್ಟೆ. ಗೋಡೆಯ ಎದುರು ನಿಂತೆ. ಮನೆ ಇಷ್ಟು ಸುಮ್ಮನಿರುತ್ತದೆ ಎಂದು ಗೊತ್ತಿರಲಿಲ್ಲ. ಫ್ರಿಜ್ಜು ಗುರ್ ಎಂದು ನಿಂತಿತು. ಅದೂ ಕೈಕೊಟ್ಟಿತು.

ಶುರು ಮಾಡಿದೆ. ಅಪ್ಪನ ಜ್ವರ ಹೇಳಿದೆ, ಹೊಳೆ ಹೇಳಿದೆ. ದೋಣಿ ಹೊರಟಿತು. ಹುಟ್ಟು ಕೈಜಾರಿತು. ನಿಂತೆ. ಇವತ್ತು ನಿಲ್ಲಿಸಲು ಮಷೀನು ಇರಲಿಲ್ಲ. ನಾನೇ ನಿಂತದ್ದು.

ಕಾದೆ. ಗೋಡೆ ಸುಮ್ಮನಿತ್ತು. ಒಂದೂ ಇಲ್ಲ, ಎರಡೂ ಇಲ್ಲ. ರಾತ್ರಿಯಿಡೀ ನಿಂತು ಬಂದವರು, ಮಲಗಿರಬೇಕು. ಅಥವಾ ಇನ್ನೂ ಬಂದೇ ಇಲ್ಲವೇನೋ. ಖಾಲಿ ಹಾಸಿಗೆಗೆ ಪಾಠ ಮಾಡಿದೆನೇನೋ. ಬೇಜಾರಿಲ್ಲ, ನನಗೆ ಅಭ್ಯಾಸವಿದೆ ಎಂದು ಬರೆಯಲು ಕೂತೆ. ಬೇಜಾರಿದೆ. ನಾಳೆ ಆ ನೀಲಿ ಸೀರೆಯಲ್ಲಿ ನಿಂತು ಮತ್ತೆ ಮೊದಲನೇ ಬೆಂಚಿಗೆ

ತಟ್ಟಿದರು.

ಒಂದು.

ಇನ್ನೊಂದಕ್ಕೆ ಕಾದೆ. ಇಲ್ಲ. ಒಂದೇ. ಕೇಳಿಸಲಿಲ್ಲ.

ಕೇಳಿಸಲಿಲ್ಲ ಎಂದು ತಟ್ಟಲು ಆ ಕಡೆ ಒಬ್ಬರು ನಿದ್ದೆಗೆಟ್ಟು ಕೂತಿದ್ದಾರೆ.

ಎದ್ದೆ. ಬರೆಯುತ್ತಲೇ ಎದ್ದೆ, ಅಕ್ಷರ ಸೊಟ್ಟ. ಪೆನ್ನು ಕೆಳಗಿಡಬೇಕು, ಎರಡೂ ಕೈ ಬೇಕು. ಹುಡುಗಿ ದೋಣಿಯಲ್ಲಿ ಎದ್ದು ನಿಂತಳು. ದಡದ ಕಡೆ ತಿರುಗಿದಳು. ಬಾಯಿಯ ಎರಡೂ ಬದಿಗೆ ಕೈ ಹಿಡಿದು —