ಒಂದೂವರೆ ಮೊಳ ಟೇಪು

ಗುರುವಾರ, ಮಧ್ಯಾಹ್ನ

ಕಾರ್ನೆಟ್ ಸಾಹೇಬರಿಗೆ,

ಬರೆದವರು ಯಾರೆಂದು ಅಕ್ಷರ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ಹರಿದು ಹಾಕಬೇಡಿ. ಬಿಟ್ಟುಹೋದ ಹೆಂಡತಿ ಇಪ್ಪತ್ತೆಂಟು ವರ್ಷದ ಮೇಲೆ ಬರೆಯುತ್ತಿದ್ದಾಳೆಂದರೆ ಕ್ಷೇಮಸಮಾಚಾರಕ್ಕಲ್ಲ ಎಂದಾದರೂ ನಿಮಗೆ ಹೊಳೆಯಬೇಕು. ಫೋನು ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀರಿ. ಅಂಚೆಯನ್ನು ನಂಬಿ ಕೂರುವಷ್ಟು ಸಮಯವಿಲ್ಲ. ಅದಕ್ಕೇ ನಿಮ್ಮ ತಂಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಲ್ಕು ಗಂಟೆಗೆ ಬರುತ್ತಾಳೆ. "ಅತ್ತಿಗೆ, ಕೊಡೋದಷ್ಟೇ ನನ್ನ ಕೆಲಸ. ಅಣ್ಣ ಕೂಗಾಡಿದ್ರೆ ನಾನು ಅಲ್ಲಿ ನಿಲ್ಲಲ್ಲ" ಎಂದು ಮೊದಲೇ ಹೇಳಿಬಿಟ್ಟಿದ್ದಾಳೆ.

ವಿಷಯ ನಿಮ್ಮ ರೆಕಾರ್ಡಿನದು. ಕಂಪನಿಯವರು ಅದನ್ನು ಮತ್ತೆ ಹೊರತರುತ್ತಿದ್ದಾರೆಂದು ನಿಮಗೂ ತಿಳಿಸಿರಬೇಕು. ಅದೇ ಕಪ್ಪು ತಟ್ಟೆ, ಅದೇ ಹೊದಿಕೆ, ಟೊಪ್ಪಿಯನ್ನು ಹಿಂದಕ್ಕೆ ಸರಿಸಿ ಕಾರ್ನೆಟ್ ತುತ್ತೂರಿ ಹಿಡಿದು ನಿಂತ ಅದೇ ನೀವು. ಜೊತೆಗೆ ಹನ್ನೆರಡು ಪುಟದ ಒಂದು ಪುಸ್ತಿಕೆ. ಬಾಪ್ ಜಾಝ್ ಸಂಗೀತ ಅರೆದು ಕುಡಿದ ಪಂಡಿತರೊಬ್ಬರು ಅದರಲ್ಲಿ ನಾಲ್ಕನೆಯ ಹಾಡಿಗೇ ಎರಡು ಪುಟ ಮೀಸಲಿಟ್ಟಿದ್ದಾರೆ. ಡ್ರಮ್ಮು, ಪಿಯಾನೊ, ಬೇಸು ಎಲ್ಲ ನಿಂತು ಕಾರ್ನೆಟ್ ಒಂದೇ ಓಡುವ ಆ ಜಾಗಕ್ಕೆ "ಒಂದೇ ಉಸಿರಿನ ಇಪ್ಪತ್ತೆಂಟು ಸೆಕೆಂಡು" ಎಂದು ಹೆಸರಿಟ್ಟಿದ್ದಾರೆ. ಸೋಮವಾರ ಮಧ್ಯಾಹ್ನ ಎಲ್ಲವೂ ಅಚ್ಚಿಗೆ ಹೋಗುತ್ತದೆ.

ಅದು ಒಂದೇ ಉಸಿರಲ್ಲ.

ಹೋದ ಮಂಗಳವಾರ ಕಂಪನಿಯ ಇಂಜಿನಿಯರಮ್ಮ ನನ್ನನ್ನು ಸ್ಟುಡಿಯೋಗೆ ಕರೆಸಿದಳು. ಮೂಲ ಟೇಪನ್ನು ಯಂತ್ರಕ್ಕೆ ಹಾಕಿ ತಿರುಗಿಸುತ್ತಿದ್ದಾಗ ಅದು ಪಟ್ಟನೆ ಎರಡಾಯಿತಂತೆ. ತುಂಡಾದದ್ದಲ್ಲ. ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ಜೋಡಿಸಿದ್ದ ಜಾಗದಲ್ಲಿ ಅಂಟು ಒಣಗಿ ಬಿಟ್ಟುಕೊಂಡಿತ್ತು. ಎರಡೂ ತುದಿಗಳನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, "ಇದು ನಿಮ್ಮ ಕೈಯಲ್ವಾ ಅಮ್ಮ? ಇಷ್ಟು ನಯವಾಗಿ ಬೇರೆ ಯಾರೂ ಕತ್ತರಿಸ್ತಿರಲಿಲ್ಲ" ಎಂದಳು. ಹೊಗಳಿದಳೋ ಕಳ್ಳಿಯನ್ನು ಹಿಡಿದಳೋ ತಿಳಿಯಲಿಲ್ಲ. ಆ ಜಾಗವನ್ನು ನಾಲ್ಕು ಸಲ ಕೇಳಿಸಿ, "ಈ ಮನುಷ್ಯ ಉಸಿರು ಎಲ್ಲಿ ತಗೊಂಡ್ರು?" ಎಂದು ಕೇಳಿದಳು.

ರೆಕಾರ್ಡಿಂಗ್ ಮುಗಿದ ಮೇಲೆ ಕೂತು ಕೇಳುವ ಪದ್ಧತಿ ನಿಮಗಿರಲಿಲ್ಲ. ಕೊನೆಯ ಸ್ವರ ಆರುವ ಮೊದಲೇ ವಾದ್ಯದೊಳಗಿನ ಎಂಜಲು ನೀರು ಒದರಿ, ಕೋಟು ಹೆಗಲಿಗೇರಿಸಿ ಹೊರಟುಬಿಡುವವರು. "ಕೆಟ್ಟಿದ್ರೆ ಕತ್ತರಿ ಹೇಳ್ತಾಳೆ" ಎನ್ನುತ್ತಿದ್ದಿರಿ. ಟೇಪು ಕತ್ತರಿಸಿ ಜೋಡಿಸುತ್ತಿದ್ದ ನನಗೆ ನೀವೇ ಇಟ್ಟ ಹೆಸರು. ಆ ದಿನ ಕತ್ತರಿ ಹೇಳಲಿಲ್ಲ. ಆ ಓಟದ ನಟ್ಟನಡುವೆ ನಿಮ್ಮ ಒಂದು ಸ್ವರ ಒಡೆದಿತ್ತು. ಒಡೆದು, ಗೊರಗೊರ ಎಂದು, ನೀವು ಉಸಿರೆಳೆದುಕೊಂಡು ಮತ್ತೆ ಹಿಡಿದಿದ್ದಿರಿ. ಎರಡು ಸೆಕೆಂಡಿಗೂ ಕಡಿಮೆ, ಟೇಪಿನಲ್ಲಿ ಒಂದೂವರೆ ಮೊಳ. ಹೀಗೇ ಇದ್ದರೆ ಹಾಡನ್ನೇ ಕೈಬಿಡುತ್ತೇನೆಂದರು ನಿರ್ಮಾಪಕರು. ಇನ್ನೊಮ್ಮೆ ನುಡಿಸಲು ನೀವು ಅಲ್ಲಿರಲಿಲ್ಲ. ಬೇರೆ ವಾದ್ಯಗಳಿಲ್ಲದ ಜಾಗ, ತಾಳ ತಪ್ಪುವ ಭಯವಿಲ್ಲ. ಕತ್ತರಿಸಿದೆ, ಅಂಟಿಸಿದೆ. ಒಡೆದ ಸ್ವರದ ಜೊತೆಗೆ ಉಸಿರೂ ಹೋಯಿತು. ಅದು ನನ್ನ ಗಮನಕ್ಕೇ ಬಂದಿರಲಿಲ್ಲ, ಮಂಗಳವಾರ ಇಂಜಿನಿಯರಮ್ಮ ಕೇಳಿದಾಗಲೇ ತಿಳಿದದ್ದು.

ರೆಕಾರ್ಡು ಕೈಗೆ ಬಂದ ದಿನ ನೀವು ಅದನ್ನು ಕೇಳಿ, "ಇದನ್ನ ನಾನೇ ನುಡಿಸಿದ್ನಾ?" ಎಂದಿರಿ. "ಮತ್ತಿನ್ಯಾರು?" ಎಂದೆ. ಹೋದ ಕಡೆಯಲ್ಲೆಲ್ಲ ಜನ ಅದನ್ನೇ ಕೇಳತೊಡಗಿದರು. ಕಡೆಗೆ ನೀವು ನಿಮ್ಮದೇ ರೆಕಾರ್ಡು ಹಾಕಿಕೊಂಡು ನಿಮ್ಮನ್ನೇ ಕಲಿಯಲು ಕೂತಿರಿ. ಹದಿನಾಲ್ಕನೆಯ ಸೆಕೆಂಡಿಗೆ ಬಂದು ನಿಲ್ಲುವಿರಿ, ಮುಖ ಕೆಂಪಾಗಿ, ತುಟಿ ಬಿರಿದು. ಎದೆ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದರೂ ನಂಬಲಿಲ್ಲ. ಸಿಗರೇಟು ಬಿಟ್ಟಿರಿ, ಮೆಟ್ಟಿಲು ಹತ್ತಿ ಇಳಿದಿರಿ, ಆಮೇಲೆ ಮಾತೂ ಬಿಟ್ಟಿರಿ. ಆರನೆಯ ವರ್ಷ, ನಾನು ಮುಗಿದೆ ಎಂದು ಕಾರ್ನೆಟ್ಟನ್ನು ಪೆಟ್ಟಿಗೆಗೆ ಹಾಕಿದಿರಿ. ಅದಾದ ತಿಂಗಳಿಗೆ ನಾನು ಮನೆ ಬಿಟ್ಟೆ. ನಿಮ್ಮ ಸಿಟ್ಟು ತಾಳಲಾರದೆ ಹೋದಳೆಂದು ಜನ ಅಂದುಕೊಂಡರು, ನಾನೂ ಹಾಗೇ ಹೇಳಿಕೊಂಡು ತಿರುಗಿದೆ. ಈಗ ನೀವು ಊರವರ ನೆಗ್ಗಿದ ವಾದ್ಯಗಳನ್ನು ರಿಪೇರಿ ಮಾಡುತ್ತೀರಂತೆ. ಸರಿಹೋಯಿತೋ ಇಲ್ಲವೋ ಎಂದು ಊದಿ ನೋಡುವುದಕ್ಕೆ ಮಾತ್ರ ಪಕ್ಕದ ಅಂಗಡಿಯವರನ್ನು ಕರೆಯುತ್ತೀರಂತೆ. ನಿಮ್ಮ ತಂಗಿ ಇದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ನೀವು ಮುಗಿದಿರಲಿಲ್ಲ. ಭೂಮಿಯ ಮೇಲೆ ಯಾರಿಂದಲೂ ಆಗದ್ದು ನನ್ನಿಂದ ಆಗಲಿಲ್ಲವಲ್ಲ ಎಂದು ಕೊರಗಿದಿರಿ, ಅಷ್ಟೆ.

ಕತ್ತರಿಸಿ ತೆಗೆದ ತುಂಡು ಈ ಲಕೋಟೆಯಲ್ಲಿದೆ. ಅದನ್ನು ಎಸೆದುಬಿಟ್ಟೆನೆಂದು ಇಂಜಿನಿಯರಮ್ಮನಿಗೆ ಸುಳ್ಳು ಹೇಳಿದ್ದೇನೆ. ಸೋಮವಾರ ಮಧ್ಯಾಹ್ನದೊಳಗೆ ನೀವು ಅವಳಿಗೆ ಕೊಟ್ಟರೆ ಅವಳು ಅದನ್ನು ಅದರ ಜಾಗಕ್ಕೆ ಸೇರಿಸುತ್ತಾಳೆ. ಆಗ ಒಡೆದ ಸ್ವರ ಊರಿಗೆಲ್ಲ ಕೇಳಿಸುತ್ತದೆ, ಉಸಿರೂ ಕೇಳಿಸುತ್ತದೆ, ಪಂಡಿತರ ಎರಡು ಪುಟ ಕಸದ ಬುಟ್ಟಿ ಸೇರುತ್ತವೆ. ಕೊಡದಿದ್ದರೆ ಹಳೆಯದೇ ಮತ್ತೆ ಅಚ್ಚಾಗುತ್ತದೆ. ನಿಮ್ಮ ಹೆಸರು ಇನ್ನಷ್ಟು ಮೆರೆಯುತ್ತದೆ, ಇನ್ನೆಲ್ಲೋ ಒಬ್ಬ ಕಾರ್ನೆಟ್ಟಿನವನು ಹದಿನಾಲ್ಕನೆಯ ಸೆಕೆಂಡಿನಲ್ಲಿ ತುಟಿ ಒಡೆದುಕೊಳ್ಳುತ್ತಾನೆ. ಒಮ್ಮೆ ನಿಮ್ಮನ್ನು ಕೇಳದೆ ಮಾಡಿದ್ದೇನೆ, ಇನ್ನೊಮ್ಮೆ ಮಾಡಲಾರೆ. ಈ ಸಾಲು ವಕ್ರವಾಗಿದೆ, ಮನ್ನಿಸಿ. ಉಳಿದದ್ದನ್ನು ಮನ್ನಿಸಿ ಎನ್ನಲು ನನಗೆ ಬಾಯಿಲ್ಲ.

ನಿಮ್ಮ ಉಸಿರು ಕತ್ತರಿಸಿದವಳು,
ಕತ್ತರಿ

ತಾ.ಕ.: ನಿಮ್ಮ ತಂಗಿ ಬಂದು ಹೊರಗೆ ಕೂತಿದ್ದಾಳೆ, ನನಗೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಉಸಿರು ಹೋದದ್ದು ಮಂಗಳವಾರ ತಿಳಿದದ್ದಲ್ಲ. ನೀವು ಮೊದಲ ಸಲ ಹದಿನಾಲ್ಕನೆಯ ಸೆಕೆಂಡಿನಲ್ಲಿ ನಿಂತಾಗಲೇ, ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನನಗೆ ತಿಳಿಯಿತು. ಹೇಳಬೇಕೆಂದು ಬಾಗಿಲ ತನಕ ಬಂದಿದ್ದೆ. ಅದುವರೆಗೆ ನೀವು ತಿಂಗಳಲ್ಲಿ ಇಪ್ಪತ್ತು ದಿನ ಬೇರೆ ಊರುಗಳಲ್ಲೇ ಇರುತ್ತಿದ್ದಿರಿ. ಆ ವಾರ ಅಭ್ಯಾಸಕ್ಕೆಂದು ಎರಡು ಕಾರ್ಯಕ್ರಮ ಬಿಟ್ಟು ಮನೆಯಲ್ಲಿದ್ದಿರಿ. ಇನ್ನೊಂದು ವಾರ ಇರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಆರು ವರ್ಷವೂ ಹಾಗೇ ಅಂದುಕೊಂಡೆ.