ಸೋಮವಾರದ ಗುಳಿಗೆ ಮತ್ತು ತಮ್ಮ ಕಪಾಟಿನಲ್ಲಿರುವ ವರದಿ

ಮಾನ್ಯರೇ,

ಆಸ್ಪತ್ರೆಯ ಔಷಧ ವಿಭಾಗದ ರೆಸಿಡೆಂಟರು, ಅಂದರೆ ತರಬೇತಿಯಲ್ಲಿರುವ ಫಾರ್ಮಾಸಿಸ್ಟರು, ಮಾಡಿದ ಸಂಶೋಧನೆಯನ್ನು ಪ್ರಕಟಿಸಬಹುದೋ ಬಾರದೋ ಎಂದು ತೀರ್ಮಾನಿಸುವುದು ತಮ್ಮ ಕೆಲಸ. ನನ್ನ ವರದಿಯ ಬಗ್ಗೆ ತಾವು ಮೂರು ವರ್ಷಗಳಿಂದ ಏನನ್ನೂ ತೀರ್ಮಾನಿಸಿಲ್ಲ. ಕಳೆದ ತಿಂಗಳು ಹಳಿಯಾಳದ ಹತ್ತಿರದ ಹಳ್ಳಿಯೊಂದರಲ್ಲಿ ಕೆಂಚವ್ವ ಎಂಬ ಹೆಣ್ಣುಮಗಳು ತೀರಿಕೊಂಡರು. ಈ ಎರಡು ಸಂಗತಿಗಳಿಗೂ ಸಂಬಂಧವಿದೆ.

2004ರಲ್ಲಿ ನಾನು ತಮ್ಮಲ್ಲಿ ರೆಸಿಡೆಂಟ್ ಆಗಿದ್ದೆ. ಪ್ರಾಜೆಕ್ಟ್ ಇಲ್ಲದೆ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಮುಂಡಗೋಡ ಕಡೆಯ ಮೂವತ್ತೆಂಟು ರೋಗಿಗಳ ಮನೆಗೆ ಹೋದೆ. ಎಲ್ಲರಿಗೂ ಕೀಲುನೋವು, ಎಲ್ಲರಿಗೂ ವಾರಕ್ಕೆ ಒಂದೇ ಒಂದು ನುಂಗಬೇಕಾದ ಗುಳಿಗೆ. ದಿನವೂ ನುಂಗಿದರೆ ಮೊದಲು ಬಾಯಿ ಹುಣ್ಣಾಗುತ್ತದೆ, ಆಮೇಲೆ ಜೀವಕ್ಕೇ ಅಪಾಯ. ನೆನಪಿರಲಿ ಎಂದು ನಮ್ಮ ಕೌಂಟರಿನವರು ಎಲ್ಲ ಪೊಟ್ಟಣಗಳ ಮೇಲೂ 'ಸೋಮವಾರ, ಊಟದ ನಂತರ' ಎಂದು ಬರೆದುಕೊಡುತ್ತಿದ್ದರು. ಆ ಹಳ್ಳಿಗಳ ಎಷ್ಟೋ ಶಿವಭಕ್ತರ ಮನೆಗಳಲ್ಲಿ ಸೋಮವಾರ ಊಟವೇ ಇರುವುದಿಲ್ಲ ಎಂಬುದು ಮಾತ್ರ ನಮಗ್ಯಾರಿಗೂ ಹೊಳೆದಿರಲಿಲ್ಲ.

ಶಂಕ್ರೆವ್ವ ಎಂಬ ಅಜ್ಜಿ ಪೊಟ್ಟಣ ತೋರಿಸಿ ಹೇಳಿದರು: "ಸೋಮಾರ ನಂದು ಉಪಾಸ ಐತ್ರಿ ಬಾಯಾರ. ಉಂಡ ಮ್ಯಾಲ ತಗೋ ಅಂದಾರ, ನಾ ಉಣ್ಣೂದ ಇಲ್ಲಲ್ಲ? ಅದಕ್ಕ ಉಳಿದ ದಿನ ಒಂದೊಂದ ನುಂಗಾಕತ್ತೇನಿ. ಔಷಧ ಯಾಕ ಕೆಡಸೂದು?"

ವಾರಕ್ಕೆ ಒಂದೇ ಎಂದು ಪೊಟ್ಟಣದ ಮೇಲೆ ಎಲ್ಲೂ ಬರೆದಿರಲಿಲ್ಲ. ಅವರ ಲೆಕ್ಕಾಚಾರದಲ್ಲಿ ತಪ್ಪೇನಿದೆ, ತಾವೇ ಹೇಳಿ. ಅವರ ಪೊಟ್ಟಣವನ್ನು ಅಲ್ಲೇ ಇಸಿದುಕೊಂಡೆ, ಬದುಕಿದರು. ಅಂಥವರು ಒಟ್ಟು ಆರು ಮಂದಿ ಸಿಕ್ಕರು. ಆಮೇಲೆ ಕೌಂಟರಿನಲ್ಲಿ ಔಷಧ ಕೊಡುವಾಗ ಒಂದೇ ಒಂದು ಪ್ರಶ್ನೆ ಸೇರಿಸಿದೆ: "ನಿಮ್ಮ ಉಪಾಸ ಯಾವತ್ತರೀ?" ಆ ದಿನ ಬಿಟ್ಟು ಬೇರೆ ದಿನ ಬರೆದುಕೊಟ್ಟೆ. ಐದು ತಿಂಗಳು ಒಬ್ಬರೂ ತಪ್ಪಲಿಲ್ಲ. ಇದೂ ಒಂದು ಸಂಶೋಧನೆಯೇ ಎಂದು ತಾವು ನಗಬಹುದು. ನಗಿ, ಆದರೆ ಅಚ್ಚು ಹಾಕಿಸಿ ನಗಬೇಕಿತ್ತು.

ಪ್ರಕಟಣೆಗೆ ಅನುಮತಿ ಕೇಳಿದಾಗ ನಮ್ಮ ವಿಭಾಗದ ಮುಖ್ಯಸ್ಥರು, "ಪಾಸಾತಲ್ಲವಾ, ಇನ್ನೇನ ಬೇಕ ನಿನಗ?" ಎಂದರು. ತಮ್ಮ ಕಚೇರಿ ಇನ್ನೂ ಸಭ್ಯವಾಗಿತ್ತು. ಆಸ್ಪತ್ರೆಯ ಘನತೆಗೆ ಕುಂದು ಬರುವ ಅಂಶಗಳಿರುವುದರಿಂದ ವರದಿ ಪರಿಶೀಲನೆಯಲ್ಲಿದೆ ಎಂದು ಬರೆಯಿತು. ಮೂರು ಬಾರಿ ಕೇಳಿದೆ, ಮೂರು ಬಾರಿಯೂ ಅದೇ ವಾಕ್ಯ. ಅನುಮತಿಯಿಲ್ಲದೆ ಎಲ್ಲೂ ಪ್ರಕಟಿಸುವುದಿಲ್ಲ ಎಂದು ನಾನು ಮುಚ್ಚಳಿಕೆ ಬರೆದುಕೊಟ್ಟಿದ್ದೆ. ವಿಧೇಯಳಾಗಿ ಸುಮ್ಮನಾದೆ. ನನ್ನ ಹಿಂದಿನವರ, ಮುಂದಿನವರ ವರದಿಗಳೂ ರಟ್ಟು ಕಟ್ಟಿಸಿಕೊಂಡು ಅದೇ ಕಪಾಟಿನಲ್ಲಿವೆ. ಪರೀಕ್ಷಕರನ್ನು ಬಿಟ್ಟರೆ ಅವುಗಳನ್ನು ಓದಿದವರಾದರೂ ಯಾರು?

ಈಗ ನಾನು ಹಳಿಯಾಳದ ಔಷಧದಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬಾಯಿಹುಣ್ಣಿಗೆ ಮುಲಾಮು ಕೇಳಿಕೊಂಡು ಕೆಂಚವ್ವ ಗಂಡನೊಂದಿಗೆ ಬಂದರು. ನೀರು ನುಂಗಲೂ ಆಗುತ್ತಿರಲಿಲ್ಲ. ಬೇರೆ ಯಾವ ಗುಳಿಗೆ ನಡೆದಿದೆ ಎಂದು ಕೇಳಿದೆ. ಗಂಡ ಅಂದಾನೆಪ್ಪ ಇನ್ನೊಂದು ಆಸ್ಪತ್ರೆಯ ಪೊಟ್ಟಣ ತೆಗೆದರು. ಅದರ ಮೇಲೂ 'ಸೋಮವಾರ, ಊಟದ ನಂತರ' ಎಂದೇ ಇತ್ತು. ಸೋಮವಾರ ಬಿಟ್ಟು ಹದಿಮೂರು ದಿನ ನುಂಗಿದ್ದರು. ಕೂಡಲೇ ಹುಬ್ಬಳ್ಳಿಗೆ ಕಳಿಸಿದೆ. ನಾಲ್ಕನೆಯ ದಿನ ತೀರಿಕೊಂಡರು. ನನಗೆ ಅಳು ಬರಲಿಲ್ಲ, ಇಂದಿಗೂ ಬಂದಿಲ್ಲ. ಆ ಪೊಟ್ಟಣ ಕಟ್ಟಿದವರನ್ನು ಬೈಯಲೂ ಮನಸ್ಸಿಲ್ಲ. ಅವರಿಗೆ ಇದು ಓದಲು ಎಲ್ಲಿ ಸಿಗಬೇಕಿತ್ತು?

ಮಾತನಾಡಿಸಲು ಮನೆಗೆ ಹೋದಾಗ ಅಂದಾನೆಪ್ಪ ಕೇಳಿದರು: "ಪೊಟ್ಟಣ ನೋಡಿದ ಕೂಡ್ಲೆ ಉಪಾಸ ಮಾಡ್ತೀರೇನು ಅಂತ ಕೇಳಿದ್ರಿ. ನಿಮಗ ಮೊದಲ ಗೊತ್ತಿತ್ತೇನ್ರಿ ಬಾಯಾರ?"

"ಗೊತ್ತಿತ್ರಿ," ಎಂದೆ.

ಮಾನ್ಯರೇ, ತಿಂಗಳೊಳಗೆ ಆ ಕಪಾಟು ತೆರೆಸಿ. ಎಲ್ಲರ ವರದಿಗಳನ್ನೂ ಅಚ್ಚು ಹಾಕಿಸಿ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಪ್ರತಿ ಔಷಧ ಕೌಂಟರಿಗೂ ಕಳಿಸಿ. ಬೇಕಾದರೆ ಆಸ್ಪತ್ರೆಯ ಹೆಸರು ಅಳಿಸಿ, ನನ್ನದನ್ನೂ ಅಳಿಸಿ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅಲ್ಲಿಗೆ ನಾನು ಮುಚ್ಚಳಿಕೆ ಮುರಿದಂತಾಯಿತು. ಪ್ರಮಾಣಪತ್ರ ರದ್ದು ಮಾಡುವುದಿದ್ದರೆ ಮಾಡಿ. ನಾನು ಮುರಿಯಬೇಕಿದ್ದದ್ದು ಮೂರು ವರ್ಷದ ಹಿಂದೆ.

ಇಂತಿ,
ಗೊತ್ತಿದ್ದೂ ತಮ್ಮ ಅನುಮತಿಗೆ ಕಾದು ಕೂತವಳು,
ಸುಮಿತಾ, ಹಳಿಯಾಳ